ಅಪ್ಪನಿಗೆ ಮಾತಾಡುವ ಕನ್ನಡಕ ಕೊಡಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಪನಿಗೆ 64. ಹಾವೇರಿ ಕಡೆ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಬೆಳಕು, ಕತ್ತಲೆ ಅಷ್ಟೇ ಗೊತ್ತಾಗುತ್ತದೆ. ದಿನಾ ಪೇಪರ್ ಓದುತ್ತಿದ್ದವರು ಈಗ ಸುಮ್ನೆ ಕೂತಿರುತ್ತಾರೆ. ಯಾರೋ ಎದುರಿನ ಅಕ್ಷರ ಓದಿ ಹೇಳುವ, 30,000 ರೂಪಾಯಿಯ ಮಾತಾಡುವ ಕನ್ನಡಕ ತಗೊಳ್ಳಿ ಅಂತಿದ್ದಾರೆ. ಕೊಡಿಸಬಹುದಾ?

ಉತ್ತರ: ಈಗಲೇ ಬೇಡಮ್ಮ. ನನಗೂ ಕಣ್ಣು ಕಾಣುವುದಿಲ್ಲ, ಕಾಣದವರಿಗೆ ಕಂಪ್ಯೂಟರ್, ಮೊಬೈಲ್ ಕಲಿಸುವುದೇ ನನ್ನ ಕೆಲಸ. ಆ ಕನ್ನಡಕ ಮಾರುವವರ ಕೈಗೆ ಒಂದು ಕನ್ನಡ ಪೇಪರ್ ಕೊಟ್ಟು ಓದಿಸಿ ಅನ್ನಿ. ಇಂಗ್ಲಿಷ್ ಓದಿಸಿ ತೋರಿಸಿದರೆ ಎದ್ದು ಬನ್ನಿ.

ಅಪ್ಪನ ಹತ್ತಿರ ಆಂಡ್ರಾಯ್ಡ್ ಫೋನ್ ಇದೆ ಅಲ್ವಾ? ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಟಾಕ್‌ಬ್ಯಾಕ್ ಇರುತ್ತದೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ. ಪುಕ್ಕಟೆ. ಧ್ವನಿಗೆ ಕನ್ನಡ ಆರಿಸಿ, ವೇಗ ಕಡಿಮೆ ಮಾಡಿ. ಅದು ಶುರುವಾದ ಮೇಲೆ ಫೋನಿನ ಗುಣವೇ ಬೇರೆ. ಒಂದು ಸಲ ಮುಟ್ಟಿದರೆ ಅಲ್ಲಿ ಏನಿದೆ ಅಂತ ಹೇಳುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು. ಪುಟ ಸರಿಸಲು ಎರಡು ಬೆರಳು ಬೇಕು. ಶಾರ್ಟ್‌ಕಟ್ ಹಾಕಿಟ್ಟರೆ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದು ಅದನ್ನು ಆನ್, ಆಫ್ ಮಾಡಬಹುದು.

ಮೊದಲ ವಾರ ಅಪ್ಪನಿಗೆ ಸಿಟ್ಟು ಬರುತ್ತದೆ. ಆಗ ಮನೆಯವರು "ಕೊಡಿ, ನಾನೇ ಹಚ್ಚಿಕೊಡ್ತೀನಿ" ಅಂತ ಫೋನ್ ಕಿತ್ತುಕೊಳ್ಳುತ್ತಾರೆ. ಕಲಿಕೆ ಕೆಡುವುದೇ ಅಲ್ಲಿ. ದಿನಕ್ಕೆ ಅರ್ಧ ಗಂಟೆ ಅವರೇ ತಡಕಾಡಲಿ, ಬಿಡಿ.

ಪ್ರಶ್ನೆ: ಮೂರು ವಾರ ಆಯಿತು ಸರ್. ಸುದ್ದಿ ವೆಬ್‌ಸೈಟ್ ತಾವೇ ತೆರೆದು ಕೇಳುತ್ತಾರೆ. ಆದರೆ ಒಂದು ಕಚೇರಿಯಿಂದ ಪಿಂಚಣಿ ವಿಷಯದ ಎರಡು ಪಿಡಿಎಫ್ ಬಂದಿವೆ. ಒಂದನ್ನು ಓದಿಸಿದರೆ ಏನೇನೋ ಒದರುತ್ತದೆ, ಇನ್ನೊಂದರಲ್ಲಿ ಮಾತೇ ಇಲ್ಲ. ಫೋನ್ ಕೆಟ್ಟಿದೆಯಾ?

ಉತ್ತರ: ಫೋನ್ ಚೆನ್ನಾಗೇ ಇದೆ, ಕೆಟ್ಟಿರುವುದು ಆ ಕಡತ. ಇದು ನನ್ನ ಹಳೇ ಸಂಕಟ, ಸ್ವಲ್ಪ ಜಾಸ್ತಿ ಬರೆದರೆ ಬೇಜಾರಾಗಬೇಡಿ.

ಒದರುವ ಕಡತವನ್ನು ಬಹುಶಃ 'ನುಡಿ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಅದರಲ್ಲಿ ನಿಮ್ಮ ಕಣ್ಣಿಗೆ 'ಕ' ಕಾಣುವ ಕಡೆ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷಿನ 'ಪಿ', ತಲೆಕಟ್ಟಿಗೆ ಇನ್ನೊಂದು ಗುರುತು. 'ನ' ಇರುವಲ್ಲಿ ಬ್ರಿಟಿಷರ ಪೌಂಡ್ ದುಡ್ಡಿನ ಚಿಹ್ನೆ! ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ನೋಡುವವರಿಗೆ ವೇಷ ಸಾಕು. ಟಾಕ್‌ಬ್ಯಾಕ್‌ಗೆ ವೇಷ ಕಾಣುವುದಿಲ್ಲ, ಒಳಗಿದ್ದದ್ದನ್ನೇ ಓದುತ್ತದೆ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ, ಅದರಲ್ಲಿ 'ಕ' ಅಂದರೆ 'ಕ'ನೇ. ಸುದ್ದಿ ವೆಬ್‌ಸೈಟ್ ಸರಿಯಾಗಿ ಓದಿದ್ದು ಅದಕ್ಕೇ. ಒದರುವ ಕಡತದ ಪಠ್ಯವನ್ನು ಕಾಪಿ ಮಾಡಿ, ಆಸ್ಕಿಯಿಂದ (ಇಂಥ ಹಳೇ ಫಾಂಟ್‌ನ ಬರಹವನ್ನು ಹಾಗೆ ಕರೆಯುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ. ಪುಕ್ಕಟೆ ಸಿಗುತ್ತವೆ.

ಮಾತೇ ಆಡದ್ದು ಸ್ಕ್ಯಾನ್ ಮಾಡಿದ ಕಾಗದ. ಅಂದರೆ ಬರೀ ಫೋಟೋ, ಒಳಗೆ ಅಕ್ಷರವೇ ಇಲ್ಲ. ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಅಚ್ಚಿನ ಕನ್ನಡವನ್ನು ಅಕ್ಷರ ಮಾಡಿಕೊಡುತ್ತದೆ. ಒತ್ತಕ್ಷರದಲ್ಲಿ ಎಡವುವುದುಂಟು, ಅಂಕಿಗಳನ್ನು ಮಾತ್ರ ನೀವು ಒಮ್ಮೆ ನೋಡಿ. ಮೊತ್ತ ತಪ್ಪಿದರೆ ಕಷ್ಟ. ಕಚೇರಿಗೂ ಒಂದು ಅರ್ಜಿ ಹಾಕಿ, ಯೂನಿಕೋಡ್‌ನಲ್ಲೇ ಕಳಿಸಿ ಅಂತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ.

ಇನ್ನೊಬ್ಬರ ಪ್ರಶ್ನೆ: ತಮ್ಮನಿಗೆ ಪೂರ್ತಿ ಕಾಣುವುದಿಲ್ಲ, ಬಿಎ ಓದುತ್ತಿದ್ದಾನೆ. ಲ್ಯಾಪ್‌ಟಾಪ್‌ಗೆ ಪರದೆ ಓದಿ ಹೇಳುವ ಜಾಸ್ ಸಾಫ್ಟ್‌ವೇರ್ ಕೊಳ್ಳಲೇಬೇಕಾ ಸರ್? ರೇಟ್ ಕೇಳಿ ಸುಸ್ತಾಯಿತು.

ಉತ್ತರ: ಅದೇ ಕೆಲಸ ಮಾಡುವ ಎನ್‌ವಿಡಿಎ ಹಾಕಿ, ಪುಕ್ಕಟೆ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರ್ರನ್ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಅದರ ಜೊತೆ ಬರುವ ಈಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಡಬ್ಬದೊಳಗಿಂದ ಯಾರೋ ಮಾತಾಡಿದಂತಿರುತ್ತದೆ, ಆದರೆ ವೇಗ ಎಷ್ಟು ಏರಿಸಿದರೂ ಅಕ್ಷರ ನುಂಗುವುದಿಲ್ಲ. ನಾನು ಓದುವ ವೇಗ ಕೇಳಿ ನನ್ನ ಹೆಂಡತಿ ಇದು ಕನ್ನಡವಾ ಅಂತಾಳೆ. ಆಫೀಸ್ ಕೆಲಸಕ್ಕೆ ಸೇರಿದ ಮೇಲೆ ಜಾಸ್ ಬೇಕಾದರೆ ಆಗ ನೋಡಿಕೊಳ್ಳಲಿ.

ಪ್ರಶ್ನೆ: ಸರ್, ಕೊನೆಯದು. ಅಪ್ಪ ಅಂಗಡಿಗೆ ಒಬ್ಬರೇ ಹೋಗುತ್ತೇನೆ ಅಂತಿದ್ದಾರೆ. ನೋಟು ಹೇಗೆ ಗುರುತಿಸುವುದು?

ಉತ್ತರ: ರಿಸರ್ವ್ ಬ್ಯಾಂಕಿನ ಮಣಿ ಆಪ್ ಹಾಕಿ. 2020ರಲ್ಲಿ ಬಂದಿದ್ದು, ಹಾಕಿಕೊಂಡ ಮೇಲೆ ನೆಟ್ ಬೇಡ. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ. ಖೋಟಾ ನೋಟು ಮಾತ್ರ ಕಂಡುಹಿಡಿಯುವುದಿಲ್ಲ. ಹೊಸ ನೋಟಿನ ಅಂಚಿನಲ್ಲಿ ಉಬ್ಬು ಗೆರೆಗಳಿವೆ: 100ಕ್ಕೆ ನಾಲ್ಕು, 500ಕ್ಕೆ ಐದು. 200ಕ್ಕೂ ನಾಲ್ಕೇ, ನಡುವೆ ಎರಡು ಸೊನ್ನೆ ಇರುತ್ತವೆ. ನೋಟು ಸವೆದಿದ್ದರೆ ಬೆರಳಿಗೆ ಸಿಗುವುದಿಲ್ಲ. ಅದಕ್ಕೇ ನಾನು ಮನೆಯಲ್ಲೇ ಒಂದೊಂದನ್ನು ಒಂದೊಂದು ಥರ ಮಡಚಿ ಇಟ್ಟುಕೊಳ್ಳುತ್ತೇನೆ.

ಕೋಲು ಮರೆಯಬೇಡಿ. ಮೊದಲು ಸಾದಾ ಬಿಳಿ ಕೋಲು ಬೀಸಿ ನಡೆಯುವುದನ್ನು ಗೊತ್ತಿರುವವರಿಂದ ಕಲಿಯಲಿ. ಆಮೇಲೆ ದೆಹಲಿ ಐಐಟಿಯವರ ಸ್ಮಾರ್ಟ್‌ಕೇನ್ ನೋಡಬಹುದು. ಮೊಣಕಾಲಿನಿಂದ ಮೇಲೆ ಅಡ್ಡ ಬರುವ ಕೊಂಬೆ, ನಿಂತ ಲಾರಿಯ ಹಿಂಬದಿ ಇಂಥವು ತಾಗುವ ಮುಂಚೆಯೇ ಹಿಡಿ ನಡುಗಿ ತಿಳಿಸುತ್ತದೆ. ಗುಂಡಿ, ಚರಂಡಿ ಹುಡುಕಲು ಮಾತ್ರ ಕೋಲಿನ ತುದಿಯೇ ಬೇಕು.