ಮೆಕ್ಕೆಜೋಳದ ಕೂಳೆಗೆ ಬಿಟ್ಟ ಮೇಲೆ ಮರಿ ಸಾಯ್ತಿವೆ, ಏನು ಮಾಡಲಿ?

ಚಳ್ಳಕೆರೆ ಕಡೆಯವನು, 60 ಕುರಿ ಇವೆ. ಕಟಾವಾದ ಮೆಕ್ಕೆಜೋಳದ ಹೊಲಕ್ಕೆ ಬಿಟ್ಟು ಮೂರು ದಿನ. ಬೆಳಿಗ್ಗೆ ರೊಪ್ಪದಲ್ಲಿ ನಾಲ್ಕು ಮರಿ ಸತ್ತು ಬಿದ್ದಿದ್ದವು, ನಾಲ್ಕೂ ಮೈತುಂಬಿಕೊಂಡವು. ಯಾರೋ ವಿಷ ಹಾಕಿದ್ದಾರೆ ಅಂತಾರೆ ಮನೆಯವರು. ತಿಳಿದವರು ಹೇಳಿ.

ಹಿರಿಯೂರಿನ ಕುರಿಗಾರ:
ಅಣ್ಣಾ, ಅವಸರಪಟ್ಟು ಯಾರ ಮೇಲೂ ಅನುಮಾನ ಪಡಬೇಡಿ. ನಮಗೂ ಹೀಗೇ ಆಗಿತ್ತು. ಸಂಜೆ ತಾಯಿ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿದ ಮರಿ ಕಣ್ಣೆದುರೇ ಬಿತ್ತು. ಕತ್ತು ಹಿಂದಕ್ಕೆ ಸೆಟೆದು, ಈಜುವ ಹಾಗೆ ಕಾಲು ಬಡಿದು, ಅರ್ಧ ಗಂಟೆಯಲ್ಲಿ ಮುಗೀತು. ಡಾಕ್ಟ್ರು ಕೊಯ್ದು ತೋರಿಸಿದರು: ಮೂತ್ರಪಿಂಡ ಬೆರಳಿಟ್ಟರೆ ಕೆಸರಿನ ಹಾಗೆ ಕುಸಿಯುತ್ತಿತ್ತು. ಕರುಳುಬೇನೆ ಅಂದರು. ಬಡಕಲು ಮರಿ ಒಂದೂ ಸಾಯಲಿಲ್ಲ. ಉದುರಿದ ತೆನೆಗೆ ಮೊದಲು ಬಾಯಿ ಹಾಕಿದ್ದು ಗಟ್ಟಿಮುಟ್ಟಾದವೇ.

ಪಶುವೈದ್ಯೆ:
ನೀವು ಹೇಳಿದ್ದು ಕರುಳುಬೇನೆಯನ್ನೇ ಹೋಲುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ 'ಡಿ' ಅನ್ನೋ ಬ್ಯಾಕ್ಟೀರಿಯಾ ಆರೋಗ್ಯವಂತ ಕುರಿಯ ಕರುಳಲ್ಲೂ ಸ್ವಲ್ಪ ಇರುತ್ತದೆ, ಸುಮ್ಮನಿರುತ್ತದೆ. ಒಮ್ಮೆಲೇ ಕಾಳು ಹೆಚ್ಚಾದರೆ ಅರಗದ ಪಿಷ್ಟ ಸಣ್ಣಕರುಳಿಗೆ ಇಳಿಯುತ್ತದೆ. ಅದನ್ನು ಉಂಡು ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಎಪ್ಸಿಲಾನ್ ಅನ್ನೋ ವಿಷ ಬಿಡುತ್ತದೆ. ವಿಷ ರಕ್ತಕ್ಕೆ ಸೇರಿ ಮೆದುಳಿಗೆ ಹೋಗುತ್ತದೆ. ಕತ್ತು ಸೆಟೆಯುವುದು ಅದರಿಂದಲೇ. ಮುಂಗಾರಿನ ಎಳೆ ಹುಲ್ಲು ಹೊಟ್ಟೆಬಿರಿಯ ಮೇಯ್ದಾಗಲೂ ಹೀಗಾಗುತ್ತದೆ. ಬಿದ್ದ ಮೇಲೆ ಉಳಿಸುವುದು ಬಲು ಕಷ್ಟ.

ಒಂದು ಮಾತು ಖಂಡಿತ ನೆನಪಿಡಿ: ಸತ್ತ ಮರಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಆಂಥ್ರಾಕ್ಸ್ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ.

ಕೊಪ್ಪಳದ ಕುರಿ ಸಾಕುವಾಕಿ:
ಅಣ್ಣಾರ, ಇವತ್ತ ಮೊದಲ ಆ ಹೊಲದಿಂದ ಹೊರಗ ಹೊಡೀರಿ. ನಾವು ಕೂಳಿಗೆ ಬಿಡೋ ಮುಂಚೆ ಮನ್ಯಾಗ ಒಣ ಮೇವು ತಿನ್ನಿಸ್ತೀವಿ, ಮೊದಲ ದಿನ ಅರ್ಧ ತಾಸು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು. ಬಿದ್ದ ತೆನಿ ಮಕ್ಕಳನ್ನ ಕರಕೊಂಡು ಆರಿಸ್ತೀವಿ, ಆ ಕೆಲಸ ಯಾವತ್ತೂ ತಪ್ಪಿಸಿಲ್ಲ. ಮಳಿಗಾಲಕ್ಕ ಮುಂಚೆ ವರ್ಷಾ ಲಸಿಕಿ ಹಾಕಸ್ತೀವಿ. ಮೊದಲ ಸಲಕ್ಕ ಎರಡು ಸೂಜಿ ಬೇಕು, ನಡುವೆ ಎರಡು-ಮೂರು ವಾರ. ಒಂದೇ ಹಾಕಿಸಿ ಸುಮ್ಮನಾದ ವರ್ಷ ನಮಗ ಆರು ಮರಿ ಹೋದವು. ಗಬ್ಬದ ಕುರಿಗೆ ಈಯೋ ತಿಂಗಳ ಮುಂಚೆ ಹಾಕಿಸಿದ್ರ ಗಿಣ್ಣಾಲಿನಾಗ ಮರಿಗೂ ಶಕ್ತಿ ಸಿಗತೈತಿ ಅಂತ ನಮ್ಮ ಡಾಕ್ಟ್ರು ಹೇಳಿದ್ರು.

ಕೇಳಿದವರು:
ಮಂದೆ ಹೊರಗೆ ತಂದೆ. ಸತ್ತ ಮರಿಗಳಿಗೆ ರಕ್ತ ಬಂದಿಲ್ಲ, ಒಂದನ್ನು ಆಸ್ಪತ್ರೆಗೆ ತಗೊಂಡು ಹೋಗ್ತಿದ್ದೀನಿ.