ಸೇತುವೆ ಕಂಬದ ಬುಡದ ಕೊರೆತ: ಲೆಕ್ಕದ ಆಳ ನಂಬಬೇಕೇ, ಅಳತೆಯ ಆಳ ನಂಬಬೇಕೇ?

ಸೇತುಬಂಧ (ಪ್ರಶ್ನೆ):
ಮರಳು ತಳದ ನದಿ. ಕಂಬದ ಅಗಲ 1.5 ಮೀ, ಹರಿವಿನ ದಿಕ್ಕಿನಲ್ಲಿ ಉದ್ದ 9 ಮೀ, ದುಂಡು ಮೂಗು (ನೀರಿಗೆ ಎದುರಾಗುವ ತುದಿ). ವಿನ್ಯಾಸ ಪ್ರವಾಹದಲ್ಲಿ ನೀರಿನ ಆಳ 4 ಮೀ, ವೇಗ ಸೆಕೆಂಡಿಗೆ 2.5 ಮೀ. ಪೈಲ್ ಇಲ್ಲ, ಓಪನ್ ಫೌಂಡೇಶನ್, ಅಂದರೆ ಫೂಟಿಂಗ್ ಅನ್ನೋ ಅಗಲವಾದ ಪಾದ ನೇರವಾಗಿ ಮಣ್ಣಿನ ಮೇಲೆ ಕೂತಿದೆ. ಫೂಟಿಂಗ್‌ನ ತಳ ಈಗಿನ ನದಿತಳಕ್ಕಿಂತ 4.5 ಮೀ ಕೆಳಗಿದೆ. ಎಚ್‌ಇಸಿ-18 (ಸೇತುವೆ ಕೊರೆತದ ಬಗ್ಗೆ ಅಮೆರಿಕದ ಹೆದ್ದಾರಿ ಇಲಾಖೆಯ ಕೈಪಿಡಿ) ಸೂತ್ರ 3.1 ಮೀ ಕೊರೆತ ಕೊಡ್ತಿದೆ. ಆದರೆ ನೆರೆ ಇಳಿದ ಮೇಲೆ ಅಳೆದರೆ ಗುಂಡಿ ಅರ್ಧ ಮೀಟರೂ ಇಲ್ಲ. ಸೂತ್ರ ಜಾಸ್ತಿ ಹೇಳ್ತಿದೆಯಾ? ನಿಗಾ ಇಡೋಕೆ ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಸಾಧನ) ಒಂದೇ ಸಾಕಾ?

ಸುಳಿಗುಂಡಿ:
ನೆರೆ ಇಳಿದ ಮೇಲಿನ ಅಳತೆಯಿಂದ ಸೂತ್ರವನ್ನು ತಪ್ಪು ಅನ್ನಬೇಡಿ ಸರ್. ಮರಳು ತಳದಲ್ಲಿ ಗುಂಡಿ ಅತಿ ಆಳವಾಗಿರುವುದು ಪ್ರವಾಹ ಉಕ್ಕಿರುವಾಗ. ನೀರು ಇಳಿಯುತ್ತಿದ್ದಂತೆ ಮೇಲಿಂದ ಬರುವ ಮರಳೇ ಅದನ್ನು ತುಂಬಿಬಿಡುತ್ತದೆ. ಹಾಗೆ ತುಂಬಿದ ಮರಳು ಸಡಿಲ, ಮುಂದಿನ ನೆರೆಯಲ್ಲಿ ಮೊದಲು ಕೊಚ್ಚಿಹೋಗುವುದೂ ಅದೇ. ಕಂಬದ ಮೂಗಿನ ಎದುರು ಒಂದು ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ ನೋಡಿ. ಸಲೀಸಾಗಿ ಇಳಿದು, ಒಂದು ಆಳದಲ್ಲಿ ಥಟ್ಟನೆ ಬಿಗಿಯಾಗಿ ನಿಂತರೆ, ಹಳೆಯ ಗುಂಡಿಯ ತಳ ಬಹುಪಾಲು ಅಲ್ಲೇ.

ಲೆಕ್ಕದಲ್ಲಿ ನನಗೆ ಹೆದರಿಕೆ ಇರುವುದು ಕೋನದ ಬಗ್ಗೆ. ನಿಮ್ಮ 3.1 ಮೀ ಬಂದಿರುವುದು ನೀರು ಕಂಬಕ್ಕೆ ನೇರವಾಗಿ ಹರಿಯುತ್ತದೆ ಎಂದುಕೊಂಡು. ಉದ್ದ ಅಗಲದ 6 ಪಟ್ಟು ಇರುವ ಕಂಬಕ್ಕೆ ಹರಿವು 15 ಡಿಗ್ರಿ ಓರೆಯಾದರೆ ಕೋನದ ಗುಣಾಂಕ ಸುಮಾರು 1.82 ಆಗುತ್ತದೆ. ಕೊರೆತ 5.7 ಮೀಟರಿಗೆ ಹೋಯಿತು, ಅಂದರೆ ನಿಮ್ಮ ಫೂಟಿಂಗ್‌ನ ತಳಕ್ಕಿಂತ 1.2 ಮೀ ಕೆಳಗೆ. ಬೇಸಿಗೆಯ ಹರಿವು ನೋಡಿ ಕೋನ ಹಾಕಬೇಡಿ. ದಡ ತುಂಬಿದಾಗ ನೀರು ತಿರುವನ್ನು ಅಡ್ಡಹಾಯ್ದು ಬರುತ್ತದೆ, ಕೋನವೂ ಬದಲಾಗುತ್ತದೆ.

ಇನ್ನೂ ಎರಡು ವಿಷಯ. ಇದು ಕಂಬದ ಬುಡದ ಸ್ಥಳೀಯ ಕೊರೆತ ಮಾತ್ರ. ಸೇತುವೆ ನದಿಯನ್ನು ಕಿರಿದು ಮಾಡಿದ್ದರಿಂದ ಆಗುವ ಕೊರೆತ, ಮರಳು ಗಣಿಗಾರಿಕೆಯಂಥ ಕಾರಣಗಳಿಂದ ವರ್ಷವರ್ಷಕ್ಕೆ ಇಳಿಯುವ ನದಿತಳ, ಎರಡನ್ನೂ ಇದಕ್ಕೆ ಕೂಡಬೇಕು. ಕಂಬಕ್ಕೆ ಮರದ ದಿಮ್ಮಿ, ಕಸ ಸಿಕ್ಕಿಕೊಂಡರೆ ನೀರಿಗೆ ಎದುರಾಗುವ ಅಗಲವೂ 1.5 ಮೀ ಆಗಿ ಉಳಿಯುವುದಿಲ್ಲ. ಫೂಟಿಂಗ್‌ನ ಮೇಲ್ಭಾಗ ಬಯಲಾದರೂ ಅದೇ ತೊಂದರೆ.

ಹರಿವುಮಾಪಕ:
ಸೋನಾರ್ ಒಂದೇ ಸಾಲದು. ಕೆಸರು ಮತ್ತು ಗಾಳಿಗುಳ್ಳೆ ಹೆಚ್ಚಾದಾಗ ಪ್ರತಿಧ್ವನಿ ಕೆಡುತ್ತದೆ. ಅದು ಆಗುವುದು ಪ್ರವಾಹದ ತುದಿಯಲ್ಲೇ, ನಿಮಗೆ ರೀಡಿಂಗ್ ಬೇಕಾದ ಹೊತ್ತಿಗೇ. ಸೆನ್ಸರಿನ ಕೆಳಗೆ ಕಸ ನಿಂತರೆ ಅದನ್ನೇ ನದಿತಳ ಅಂತ ತೋರಿಸುತ್ತದೆ. ಜೊತೆಗೆ ಮ್ಯಾಗ್ನೆಟಿಕ್ ಕಾಲರ್ ಹಾಕಿ. ನೆಲದಲ್ಲಿ ಇಳಿಸಿದ ಕೊಳವೆಯ ಮೇಲೆ ಕೂತ ಉಂಗುರ ತಳ ಇಳಿದ ಹಾಗೆ ಇಳಿಯುತ್ತದೆ, ಗುಂಡಿ ತುಂಬಿದರೂ ಮೇಲೇರುವುದಿಲ್ಲ. ಆ ನೆರೆಯ ಗರಿಷ್ಠ ಆಳ ಹಾಗೇ ಉಳಿಯುತ್ತದೆ. ಆಮೇಲೆ ಉಂಗುರ ಹೂತುಹೋಗಿರುತ್ತದೆ, ಅದಕ್ಕಿಂತ ಕಡಿಮೆ ಆಳದ ಕೊರೆತ ಅದರಲ್ಲಿ ಕಾಣುವುದಿಲ್ಲ ಅನ್ನುವುದು ನೆನಪಿರಲಿ.

ಎರಡನ್ನೂ ಕಂಬದ ಮೂಗಿನ ಕಡೆ ಇಡಿ. ನೀರು ಮೂಗಿಗೆ ಬಡಿದು ಕೆಳಗೆ ಧುಮುಕುತ್ತದೆ, ಬುಡದಲ್ಲಿ ಕುದುರೆ ಲಾಳದ ಆಕಾರದ ಸುಳಿ ಏಳುತ್ತದೆ. ಹರಿವು ನೇರವಾಗಿದ್ದರೆ ಗುಂಡಿ ಹೆಚ್ಚು ಆಳ ಅಲ್ಲೇ. ಕೇಬಲ್ಲನ್ನು ಮಾತ್ರ ಹಿಂಬದಿಯಿಂದ, ಉಕ್ಕಿನ ಪೈಪಿನೊಳಗೆ ಮೇಲಕ್ಕೆ ಒಯ್ಯಿರಿ. ತೇಲಿಬರುವ ದಿಮ್ಮಿ ಮೊದಲು ಹರಿಯುವುದು ಕೇಬಲ್ಲನ್ನೇ.

ಕಂಬ ವಾಲುವುದನ್ನು ಅಳೆಯುವ ಟಿಲ್ಟ್ ಸೆನ್ಸರ್ ಇರಲಿ, ಆದರೆ ಅದನ್ನು ನೆಚ್ಚಬೇಡಿ. ಓಪನ್ ಫೌಂಡೇಶನ್‌ನಲ್ಲಿ ಕಂಬ ವಾಲತೊಡಗಿತು ಅಂದರೆ ಅಡಿಯ ಮಣ್ಣು ಆಗಲೇ ಹೋಗಿದೆ. ಎಚ್ಚರಿಕೆಯ ಮಟ್ಟವನ್ನು ಫೂಟಿಂಗ್‌ನ ತಳದಿಂದ ಮೇಲಕ್ಕೆ ಎಣಿಸಿ: ಸ್ಥಿರತೆಗೆ ಬೇಕಾದ ಕನಿಷ್ಠ ಮಣ್ಣು, ಅದರ ಮೇಲೆ ಎರಡು ರೀಡಿಂಗ್‌ಗಳ ನಡುವೆ ಮತ್ತು ಸಂಚಾರ ನಿಲ್ಲಿಸುವಷ್ಟರಲ್ಲಿ ಕೊರೆಯಬಹುದಾದಷ್ಟು. ನೆರೆಯಲ್ಲಿ ದಿನಕ್ಕೊಂದು ರೀಡಿಂಗ್ ಉಪಯೋಗಕ್ಕಿಲ್ಲ, 15 ನಿಮಿಷಕ್ಕೊಮ್ಮೆ ಬರಲಿ.

ಸೇತುಬಂಧ:
ಸದ್ಯಕ್ಕೆ ಬುಡಕ್ಕೆ ಕಲ್ಲು ಸುರಿದರೆ?

ಸುಳಿಗುಂಡಿ:
ಸುರಿಯುವುದಲ್ಲ, ಹಾಸಬೇಕು. ನಿಮ್ಮ ವೇಗಕ್ಕೆ, ದುಂಡು ಮೂಗಿಗೆ, ನೀರಿನ 2.65 ಪಟ್ಟು ಸಾಂದ್ರತೆಯ ಕಲ್ಲಾದರೆ ಮಧ್ಯಮ ಗಾತ್ರ ಸುಮಾರು 0.3 ಮೀ ಬರುತ್ತದೆ. ಗಾತ್ರ ವೇಗದ ವರ್ಗದಂತೆ ಏರುತ್ತದೆ, 3.5 ಮೀ ವೇಗಕ್ಕೆ ಅದು 0.6 ಮೀ ಹತ್ತಿರ. ಪದರದ ದಪ್ಪ ಕಲ್ಲಿನ ಗಾತ್ರದ ಕನಿಷ್ಠ 3 ಪಟ್ಟು, ಹರವು ಕಂಬದ ಪ್ರತಿ ಮುಖದಿಂದ ಅಗಲದ 2 ಪಟ್ಟು, ಅಂದರೆ 3 ಮೀ. ಓರೆ ಹರಿವಿದ್ದರೆ ಇನ್ನೂ ಜಾಸ್ತಿ. ಕೆಳಗೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮರಳು ತಡೆಯುವ ಬಟ್ಟೆ) ಇಲ್ಲದಿದ್ದರೆ ಸಂದಿಗಳಲ್ಲಿ ಮರಳು ಹೀರಿಹೋಗಿ ಕಲ್ಲು ಕುಸಿಯುತ್ತದೆ. ಆ ಬಟ್ಟೆಯನ್ನು ಅಂಚಿನವರೆಗೆ ಎಳೆಯದೆ, ಹರವಿನ ಮೂರನೇ ಎರಡರಷ್ಟಕ್ಕೆ ನಿಲ್ಲಿಸಿ. ಆಗ ಅಂಚಿನ ಕಲ್ಲು ಜಾರಿ ಕೊರೆತಕ್ಕೆ ಹೊಂದಿಕೊಳ್ಳುತ್ತದೆ. ಪದರದ ಮೇಲ್ಮೈ ನದಿತಳದ ಮಟ್ಟಕ್ಕೇ ಇರಲಿ. ಗುಡ್ಡೆ ಹಾಕಿದರೆ ಅದೂ ಹರಿವಿಗೆ ಅಡ್ಡ. ಫೂಟಿಂಗ್ ಅಡಿಗೆ ಅಗೆತ ಹೋಗದಂತೆ ನೋಡಿಕೊಳ್ಳಿ.

ಕಲ್ಲು ಹಾಸಿದೆವು ಅಂತ ನಿಗಾ ಬಿಡುವಂತಿಲ್ಲ. ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಕ್ರೀಕ್ ಸೇತುವೆಯ ಫೂಟಿಂಗ್‌ಗಳಿಗೂ ಕಲ್ಲಿನ ರಕ್ಷಣೆ ಇತ್ತು. ಹಿಂದಿನ ನೆರೆಗಳಲ್ಲಿ ಸರಿದುಹೋದ ಕಲ್ಲನ್ನು ಮತ್ತೆ ತುಂಬಿರಲಿಲ್ಲ. 1987ರ ಏಪ್ರಿಲ್ 5ರಂದು ಅದು ಕುಸಿದು 10 ಜನ ಸತ್ತರು.

ಹರಿವುಮಾಪಕ:
ಒಂದು ಮಾತು ಸೇರಿಸುತ್ತೇನೆ. ಫ್ಲೋಟ್ ಸೆನ್ಸರ್ (ಹೂತ ಆಳದವರೆಗೆ ಕೊರೆತ ಬಂದಾಗ ತೇಲಿ ಮೇಲೆದ್ದು ಸಂಕೇತ ಕಳಿಸುವ ಸಾಧನ) ಹಾಕುವ ಯೋಚನೆಯಿದ್ದರೆ, ಎಚ್ಚರಿಕೆಯ ಮಟ್ಟದಲ್ಲಿ ಅದನ್ನು ಹೂತ ಮೇಲೆಯೇ ಕಲ್ಲಿನ ಕೆಲಸ ಶುರು ಮಾಡಿ. ಆಮೇಲೆ 0.9 ಮೀ ದಪ್ಪದ ಕಲ್ಲಿನ ಪದರದಲ್ಲಿ ಬೋರ್ ಇಳಿಸುವುದು ಬಹಳ ಕಷ್ಟ, ಇಳಿಸಿದರೂ ಬಟ್ಟೆ ತೂತಾಗುತ್ತದೆ.