‘ಪ್ರತಿಷ್ಠಾಪನೆ’ಗೆ ಬದಲು ‘ಹೂಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹುಡುಕುತ್ತಾ ಮೂರು ವಾರ ಕಳೆದಿದ್ದೇನೆ. ಸಾಮಾನುಗಳನ್ನು ಒಂದು ಜಾಗದಲ್ಲಿ ಜೋಡಿಸಿ ಆ ಜಾಗವನ್ನೂ ಕೃತಿಯ ಭಾಗವಾಗಿಸುವ ಇನ್‌ಸ್ಟಲೇಶನ್ ಅನ್ನುವ ಕಲೆಗೆ ಕನ್ನಡದಲ್ಲಿ ಏನನ್ನಬೇಕು? ‘ಪ್ರತಿಷ್ಠಾಪನಾ ಕಲೆ’ ಎಂದು ಬರೆಯುವುದುಂಟು, ನಾನೂ ಓದಿದ್ದೇನೆ. ಮಲಯಾಳದವರೂ ಪ್ರತಿಷ್ಠಾಪನಂ ಅನ್ನುತ್ತಾರೆ. ಆದರೆ ಅದನ್ನೇ ಬಳಸಿ ಬರೆಯಲು ಹೊರಟಾಗ ತೊಡಕಾಯಿತು. ಅದಕ್ಕೇ ಈ ಪತ್ರ.

ನಾನಿರುವುದು ಸ್ಯಾನ್ ಡಿಯೇಗೊದಲ್ಲಿ. ಇಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ಟುವರ್ಟ್ ಕಲೆಕ್ಷನ್ ಅಂತ ಇದೆ. ಇಪ್ಪತ್ತಕ್ಕೂ ಹೆಚ್ಚು ಕಲಾಕೃತಿಗಳು ಕ್ಯಾಂಪಸ್ಸಿನ ತುಂಬಾ ಬಯಲಲ್ಲೇ ಹರಡಿಕೊಂಡಿವೆ. ಟಿಕೆಟ್ ಇಲ್ಲ, ಬಾಗಿಲಿಲ್ಲ. ಬೇಸಿಗೆಯಲ್ಲಿ ಊರಿಂದ ಬರುವ ಅಪ್ಪ ಅಮ್ಮಂದಿರನ್ನು ನಾವೆಲ್ಲ ಇಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅವರು ತಾವೇ ಓದಿಕೊಂಡು ನೋಡಲಿ ಅಂತ ಎರಡು ಪುಟದ ಕನ್ನಡ ಬರಹವೊಂದನ್ನು ಸಿದ್ಧ ಮಾಡುತ್ತಿದ್ದೇನೆ.

ಮೊದಲ ಕೃತಿಯಲ್ಲೇ ಎಡವಿದೆ. ಅದು ನಿಕಿ ದ ಸಾಂ ಫಾಲ್ ಅವರ ‘ಸನ್ ಗಾಡ್’. 15 ಅಡಿಯ ಕಾಂಕ್ರೀಟ್ ಕಮಾನಿನ ಮೇಲೆ ರೆಕ್ಕೆ ಬಿಚ್ಚಿ ನಿಂತ, 14 ಅಡಿ ಎತ್ತರದ ಬಣ್ಣಬಣ್ಣದ ಹಕ್ಕಿ. ಈ ಸಂಗ್ರಹಕ್ಕೆ ಬಂದ ಮೊದಲ ಕೃತಿ ಇದು. ನಾನು ಬರೆದದ್ದು ಹೀಗೆ: ‘ಸೂರ್ಯದೇವನನ್ನು 1983ರಲ್ಲಿ ಇಲ್ಲಿ ಪ್ರತಿಷ್ಠಾಪಿಸಲಾಯಿತು.’ ಅಪ್ಪ ಅದನ್ನು ಓದಿದರು. ಆಮೇಲೆ, “ಹಾಗಾದ್ರೆ ದಿನಾ ಪೂಜೆ ಯಾರು ಮಾಡ್ತಾರೆ?” ಅಂತ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ನನ್ನ ವಾಕ್ಯ ಹೇಳುತ್ತಿದ್ದದ್ದೇ ಅದನ್ನು.

ಪ್ರತಿಷ್ಠಾಪನೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ದೇವಸ್ಥಾನ, ಗಣಪತಿ, ಪ್ರಾಣಪ್ರತಿಷ್ಠೆ. ಆಮೇಲೆ ಬೇಕಾದರೆ ವೃತ್ತದಲ್ಲಿ ನಿಲ್ಲಿಸುವ ನಾಯಕರ ಪ್ರತಿಮೆ. ಎಲ್ಲದರಲ್ಲೂ ಎರಡು ಅರ್ಥ ಅಂಟಿಕೊಂಡಿವೆ. ಒಂದು, ಅದಕ್ಕೆ ಕೈಮುಗಿಯಬೇಕು. ಎರಡು, ಅದು ಅಲ್ಲಾಡದಂತೆ ನೆಲೆ ನಿಲ್ಲಬೇಕು. ಈ ಹಕ್ಕಿಗೆ ಎರಡನೆಯದು ಹೊಂದುತ್ತದೆ, ಮೊದಲನೆಯದು ಇಲ್ಲ. ವಿದ್ಯಾರ್ಥಿಗಳು ಇದಕ್ಕೆ ಒಮ್ಮೆ ತಂಪು ಕನ್ನಡಕ ಹಾಕಿದ್ದಾರೆ, ಒಮ್ಮೆ ಪದವಿಯ ಗೌನು ಟೋಪಿ ತೊಡಿಸಿದ್ದಾರೆ, ಮೊಟ್ಟೆ ಇಟ್ಟ ಗೂಡನ್ನೂ ಕಟ್ಟಿದ್ದಾರೆ. ಅದು ಬರೀ ಸಲಿಗೆ. ನನಗೆ ಈ ಹಕ್ಕಿ ತುಂಬಾ ಇಷ್ಟವಾಗುವುದೂ ಅದಕ್ಕೇ.

ಇನ್ನು ಅದೇ ಕ್ಯಾಂಪಸ್ಸಿನಲ್ಲಿ ಮ್ಯಾಂಡೆವಿಲ್ ಆರ್ಟ್ ಗ್ಯಾಲರಿ ಇದೆ. ಅಲ್ಲಿ ಸಮಕಾಲೀನ ಕಲೆಯ ಪ್ರದರ್ಶನಗಳು ಬದಲಾಗುತ್ತಾ ಇರುತ್ತವೆ. ಇಂಥ ಗ್ಯಾಲರಿಗಳಲ್ಲಿ ಇನ್‌ಸ್ಟಲೇಶನ್ ಅಂದರೆ ಒಂದು ಕೋಣೆಯನ್ನೇ ಬೇರೆ ಮಾಡಿಬಿಡುವುದು. ಬೆಳಕು, ಸದ್ದು, ಸಾಮಾನು, ಎಲ್ಲವೂ ಸೇರಿ ಕೃತಿ. ನೋಡುವವರು ಅದರ ಮುಂದೆ ನಿಲ್ಲುವುದಿಲ್ಲ, ಒಳಗೆ ಹೋಗುತ್ತಾರೆ. ಪ್ರದರ್ಶನ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಗೋಡೆಗೆ ಬಣ್ಣ ಹೊಡೆದು ಮುಂದಿನವರಿಗೆ ಬಿಟ್ಟುಕೊಡುತ್ತಾರೆ. ಬಿಚ್ಚಲೆಂದೇ ಕಟ್ಟಿದ್ದನ್ನು ಪ್ರತಿಷ್ಠಾಪನೆ ಅನ್ನುವುದು ಹೇಗೆ? ಇಲ್ಲಿ ಎರಡನೆಯ ಅರ್ಥವೂ ಕೈಕೊಡುತ್ತದೆ.

ಕಂಪ್ಯೂಟರಿನವರ ‘ಅನುಸ್ಥಾಪನೆ’ಯನ್ನು ತರೋಣ ಅಂದರೆ ಅದು ಕಂಪ್ಯೂಟರಿನಲ್ಲೇ ಸರಿಯಾಗಿ ಬಳಕೆಗೆ ಬಂದಿಲ್ಲ. ಬೇಡ.

ಹಾಗಾದರೆ ಮನೆಮಾತಿನಲ್ಲಿ ಏನಿದೆ? ಮೊದಲು ಹೊಳೆದದ್ದು ‘ಕೂರಿಸು’. ಮೈಸೂರು ಕಡೆಯ ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲು ಜೋಡಿಸಿ, ಬಿಳಿ ಬಟ್ಟೆ ಹಾಸಿ, ಮೇಲೆ ಪಟ್ಟದ ಗೊಂಬೆ. ಕೆಳಗೆ ಒಂದು ಹಳ್ಳಿ, ಒಂದು ಸಂತೆ, ಮೊಳಕೆ ಬರಿಸಿದ ರಾಗಿಯ ಹಸಿರು ಹೊಲ, ಕನ್ನಡಿಯ ಕೆರೆ. ವರ್ಷಕ್ಕೊಂದು ಹೊಸ ಯೋಚನೆ. ಊರಿನವರೆಲ್ಲ ಬಂದು ನೋಡುತ್ತಾರೆ. ಹಬ್ಬ ಮುಗಿದ ಮೇಲೆ ಗೊಂಬೆಗಳು ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತವೆ. ಇದಕ್ಕಿಂತ ಒಳ್ಳೆಯ ಇನ್‌ಸ್ಟಲೇಶನ್ ಯಾವುದಿದೆ? ಅಜ್ಜಿ ಮಾಡುತ್ತಿದ್ದದ್ದು ಅದೇ ಕಲೆ ಅಂತ ನಾನು ಮನಸಾರೆ ನಂಬುತ್ತೇನೆ.

ಆದರೆ ‘ಕೂರಿಸು’ವಿಗೆ ಕೂರುವಂಥದ್ದೊಂದು ಬೇಕು. ಗೊಂಬೆ ಕೂರುತ್ತದೆ, ಗಣಪತಿ ಕೂರುತ್ತಾನೆ. ಹಾಡು ಕೂರುತ್ತದೆಯೇ? ಈ ಕ್ಯಾಂಪಸ್ಸಿನಲ್ಲಿ ಟೆರಿ ಅಲೆನ್ ಅವರ ‘ಟ್ರೀಸ್’ ಇದೆ, 1986ರದ್ದು. ಕಡಿದುಹಾಕಿದ ನೀಲಗಿರಿ ಮರಗಳನ್ನು ಉಳಿಸಿಕೊಂಡು, ಮೈತುಂಬಾ ಸೀಸದ ತಗಡು ಹೊದಿಸಿ, ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಎರಡು ಮರ ನೀಲಗಿರಿ ತೋಪಿನಲ್ಲಿವೆ. ಒಂದು ಹಾಡುತ್ತದೆ, ಇನ್ನೊಂದು ಕಥೆ ಕವಿತೆ ಹೇಳುತ್ತದೆ. ಮೂರನೆಯದು ಗ್ರಂಥಾಲಯದ ಹತ್ತಿರ ಸುಮ್ನೆ ನಿಂತಿದೆ. ತೋಪಿನಲ್ಲಿ ನಡೆಯುವಾಗ ಎಲ್ಲಿಂದಲೋ ದನಿ ಬರುತ್ತದೆ, ಯಾವ ಮರ ಅಂತ ಹುಡುಕಬೇಕು. ಇದನ್ನು ಕೂರಿಸಿದ್ದಾರೆ ಅನ್ನಲು ನಾಲಿಗೆ ಒಪ್ಪುವುದಿಲ್ಲ. ಮೇಲಾಗಿ ಅದರಿಂದ ನಾಮಪದ ಮಾಡಲು ಹೋದರೆ ‘ಕೂರಿಕೆ’ ಅನ್ನಬೇಕು. ಅದನ್ನು ಯಾರ ಬಾಯಲ್ಲೂ ಕೇಳಿಲ್ಲ.

ನನ್ನನ್ನು ಕೊನೆಗೆ ಹಿಡಿದು ನಿಲ್ಲಿಸಿದ ಪದ ‘ಹೂಡು’. ಒಲೆ ಹೂಡುತ್ತೇವೆ, ಗಾಡಿ ಹೂಡುತ್ತೇವೆ, ನೇಗಿಲು ಹೂಡುತ್ತೇವೆ. ಬಾಣ ಹೂಡುತ್ತೇವೆ. ಧರಣಿ ಹೂಡುತ್ತಾರೆ, ದಾವೆ ಹೂಡುತ್ತಾರೆ. ಬಿಡಾರ ಹೂಡುತ್ತಾರೆ. ಎಲ್ಲ ಕಡೆಯೂ ಬಿಡಿಬಿಡಿ ಇದ್ದದ್ದನ್ನು ಒಂದು ಕೆಲಸಕ್ಕಾಗಿ, ಒಂದು ಜಾಗದಲ್ಲಿ ಸೇರಿಸುವುದು ಅಂತಲೇ ಅರ್ಥ. ಮೂರು ಕಲ್ಲು ಬಿಡಿಯಾಗಿದ್ದರೆ ಕಲ್ಲು, ಹೂಡಿದರೆ ಒಲೆ. ಕೆಲಸ ಮುಗಿದ ಮೇಲೆ ಮತ್ತೆ ಕಲ್ಲು. ಬಿಡಾರ ಹೂಡಿದವರು ಬಿಡಾರ ಕೀಳುತ್ತಾರೆ. ಕೀಳುವುದರಲ್ಲಿ ಅಪಚಾರವೇನೂ ಇಲ್ಲ.

ಇದು ನನಗೆ ಹೊಳೆದದ್ದು ‘ಫಾಲನ್ ಸ್ಟಾರ್’ ಮುಂದೆ ನಿಂತಾಗ. ಕೊರಿಯಾದಲ್ಲಿ ಹುಟ್ಟಿ ಓದಲು ಅಮೆರಿಕಕ್ಕೆ ಬಂದ ಡೊ ಹೊ ಸು ಅವರ ಕೃತಿ. ಎಂಜಿನಿಯರಿಂಗ್ ಕಟ್ಟಡದ ಏಳನೆಯ ಮಹಡಿಯ ಅಂಚಿಗೆ ಒಂದು ಪುಟ್ಟ ಮನೆ ಓರೆಯಾಗಿ ಸಿಕ್ಕಿಕೊಂಡಿದೆ, ಅರ್ಧ ಗಾಳಿಯಲ್ಲಿ. ಎಲ್ಲಿಂದಲೋ ಹಾರಿಬಂದು ಬಿದ್ದ ಹಾಗೆ. 2011ರ ನವೆಂಬರಿನಲ್ಲಿ ಕ್ರೇನಿನಿಂದ ಎತ್ತಿ ಅಲ್ಲಿಟ್ಟರು, ಜನರಿಗೆ ತೆರೆದದ್ದು 2012ರಲ್ಲಿ. ಮುಂದೆ ಸಣ್ಣ ಕೈತೋಟ, ಒಳಗೆ ಮನೆಯ ಸಾಮಾನು. ನೆಲ ಒಂದು ಕಡೆ ವಾಲಿದರೆ ಗೋಡೆ ಇನ್ನೊಂದು ರೀತಿ ವಾಲಿದೆ, ಹಾಗಾಗಿ ಒಳಗೆ ಕಾಲಿಟ್ಟರೆ ತಲೆ ತಿರುಗುತ್ತದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟರು. “ನಾನು ಮೊದಲ ಸಲ ವಿಮಾನ ಇಳಿದಾಗ ಹೀಗೇ ಆಗಿತ್ತು ಕಣೋ” ಅಂದರು. ನನಗೂ ಇಲ್ಲಿಗೆ ಬಂದ ಮೊದಲ ವರ್ಷ ನೆನಪಾಯಿತು. ಬಾಡಿಗೆ ಮನೆ, ಎರಡು ಸೂಟ್‌ಕೇಸು, ಗೋಡೆಗೆ ಒರಗಿಸಿದ ದೇವರ ಪಟ. ಅದು ಬಿಡಾರವೇ. ಈ ಮನೆ ಇಲ್ಲಿ ಕಾಯಂ ಆಗಿದ್ದರೂ, ಅದು ಹೇಳುವುದೆಲ್ಲ ಬಿಡಾರ ಹೂಡಿದವರ ಮಾತನ್ನೇ. ಅದರ ಹೆಸರಿಗೂ ಕನ್ನಡ ಮಾಡಬೇಕಿತ್ತು. ‘ಬಿದ್ದ ನಕ್ಷತ್ರ’ಕ್ಕಿಂತ ‘ಉದುರಿದ ಚುಕ್ಕಿ’ ಚೆನ್ನ, ಅಲ್ವಾ? ನಮ್ಮಲ್ಲಿ ಚುಕ್ಕಿ ಉದುರುತ್ತದೆ.

ಈಗ ತೊಡಕು. ‘ಹೂಡು’ವಿನಿಂದ ‘ಹೂಡಿಕೆ’ ಮಾಡಿದರೆ ಅದನ್ನು ಬ್ಯಾಂಕಿನವರು ಆಗಲೇ ತೆಗೆದುಕೊಂಡಿದ್ದಾರೆ. ‘ಕಲಾಹೂಡಿಕೆ’ ಅಂದರೆ ಲಾಭಕ್ಕಾಗಿ ಚಿತ್ರ ಕೊಂಡಿಡುವುದು ಅಂತಾಗುತ್ತದೆ. ಉಳಿದದ್ದು ‘ಹೂಟ’. ಆಡು, ಆಟ. ನೋಡು, ನೋಟ. ಕೂಡು, ಕೂಟ. ಹೂಡು, ಹೂಟ. ಪದ ಹೊಸದಲ್ಲ, ರೂಪವೂ ನಮ್ಮದೇ. ಆದರೆ ಹೂಟಕ್ಕೆ ಸಂಚು, ಒಳತಂತ್ರ ಅನ್ನುವ ಅರ್ಥದ ನೆರಳೂ ಇದೆ. ‘ಮಾಡು’ವಿನಿಂದ ಬಂದ ‘ಮಾಟ’ಕ್ಕೆ ಏನಾಯಿತು ನೋಡಿದ್ದೇವೆ. ಇದಕ್ಕೂ ಹಾಗೇ ಆಗಿಬಿಟ್ಟಿದೆಯೇ, ಇಲ್ಲ ಇನ್ನೂ ಉಳಿಸಿಕೊಳ್ಳಬಹುದೇ?

ಸಾರ್ವಜನಿಕ ಕಲೆ ಅನ್ನುವುದರ ಬಗ್ಗೆ ಜಾಸ್ತಿ ತಕರಾರಿಲ್ಲ. ಬಯಲಾಟ, ಬಯಲು ರಂಗಮಂದಿರ ಇರುವಾಗ ‘ಬಯಲು ಕಲೆ’ ಅಂದರೆ ಇನ್ನೂ ಹತ್ತಿರವಾಗುತ್ತದೆ ಅನ್ನಿಸಿತು, ಅಷ್ಟೇ. ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಜೋಡಿಸುವವರಿಗೆ ಅನ್ನುವ ‘ಕ್ಯೂರೇಟರ್’ ಪದವನ್ನು ಹಾಗೇ ಬಿಟ್ಟಿದ್ದೇನೆ.

ಒಂದು ಕೃತಿಗೆ ಮಾತ್ರ ಪದ ತಾನಾಗಿ ಸಿಕ್ಕಿತು. ಮೈಕಲ್ ಆಶರ್ ಅವರು 1991ರಲ್ಲಿ ಮಾಡಿದ್ದು. ಆಫೀಸು, ಶಾಲೆಗಳ ಒಳಗೆ ಬಗ್ಗಿ ನೀರು ಕುಡಿಯಲು ಚಿಲುಮೆ (ಡ್ರಿಂಕಿಂಗ್ ಫೌಂಟನ್) ಇರುತ್ತದಲ್ಲ, ಅದನ್ನೇ ಗ್ರಾನೈಟಿನಲ್ಲಿ ಕಡೆಸಿ ಹುಲ್ಲಿನ ನಡುವೆ ಇಟ್ಟಿದ್ದಾರೆ. ನೀರು ನಿಜವಾಗಿಯೂ ಬರುತ್ತದೆ. ಎದುರಿಗೆ ಇನ್ನೊಂದು ಗ್ರಾನೈಟ್ ಕಲ್ಲಿದೆ. ಈ ನೆಲ 1964ರವರೆಗೆ ಸೈನಿಕರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದ ಕ್ಯಾಂಪ್ ಮ್ಯಾಥ್ಯೂಸ್ ಆಗಿತ್ತು ಅನ್ನುವುದರ ನೆನಪಿಗೆ ಇಟ್ಟದ್ದು. ಒಂದು ಕಲ್ಲು ಯುದ್ಧದ ನೆನಪು, ಇನ್ನೊಂದು ಕಲ್ಲಿನಲ್ಲಿ ನೀರು. ಇದು ಕಲೆ ಅಂತ ಗೊತ್ತಿಲ್ಲದೆಯೇ ಎಷ್ಟೋ ಜನ ಕುಡಿದು ಹೋಗುತ್ತಾರೆ. ಕೃತಿಗೆ ಹೆಸರಿಲ್ಲ. ನನ್ನ ಬರಹದಲ್ಲಿ ‘ಅರವಟ್ಟಿಗೆ’ ಅಂತ ವಿವರಿಸಿದ್ದೇನೆ. ಹಳಗನ್ನಡದಲ್ಲಿ ಅಱವಟ್ಟಿಗೆ, ಅಱವಂಟಿಗೆ. ಅಱ ಅಂದರೆ ಧರ್ಮ. ಅಪ್ಪ ಈ ಸಾಲು ಓದಿ ಏನೂ ಕೇಳಲಿಲ್ಲ, ಹೋಗಿ ಬಗ್ಗಿ ನೀರು ಕುಡಿದು ಬಂದರು.

ಬಲ್ಲವರು ಇಷ್ಟು ತಿಳಿಸಿ. ನಿಮ್ಮ ಊರಿನಲ್ಲಿ ‘ಹೂಟ’ ಈಗಲೂ ಬಳಕೆಯಲ್ಲಿದೆಯೇ, ಇದ್ದರೆ ಯಾವ ಅರ್ಥದಲ್ಲಿ? ಉತ್ತರ ಕರ್ನಾಟಕದ ಕಡೆ ಉಳುಮೆಗೆ ಹೂಟಿ ಅನ್ನುವವರು ಇದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೆ? ತೇರು, ಚಪ್ಪರ, ಮಂಟಪ ಕಟ್ಟುವವರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಪದ ಇದ್ದರೆ ಅದನ್ನೂ ಬರೆಯಿರಿ. ಅಲ್ಲಿಯವರೆಗೆ ‘ಹೂಟ’ವನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ.